ನನ್ನ ಎರಡು ಮೊಲಗಳಲ್ಲಿ ಒಂದಕ್ಕೆ ಸೀನು, ಮೂಗಲ್ಲಿ ಬಿಳಿ ಸಿಂಬಳ. ಏನು ಮಾಡಲಿ?

ಇದನ್ನು ಬರೀ ನೆಗಡಿ ಅಂತ ಬಿಡಬೇಡಿ. ಹೆಚ್ಚಾಗಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣ. ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿದ್ದರೆ ಅದು ಮೂಗು ಒರೆಸಿಕೊಂಡ ಗುರುತು.

ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಚೆನ್ನಾಗಿರುವ ಮೊಲಕ್ಕೆ ಮೊದಲು ಮೇವು ಹಾಕಿ, ಆಮೇಲೆ ಕಾಯಿಲೆಯದ್ದನ್ನು ಮುಟ್ಟಿ, ಕೈ ತೊಳೆಯಿರಿ. ಮೂತ್ರದ ಘಾಟು ಮೂಗನ್ನು ಇನ್ನೂ ಜಾಸ್ತಿ ಕೆಡಿಸುತ್ತದೆ, ಗೂಡನ್ನು ದಿನಾ ಸ್ವಚ್ಛ ಮಾಡಿ. ಮೊಲ ಉಸಿರಾಡುವುದು ಮೂಗಿನಿಂದಲೇ ಅಲ್ವಾ, ಒದ್ದೆ ಹತ್ತಿಯಿಂದ ಆಗಾಗ ಒರೆಸಿ.

ದಯವಿಟ್ಟು ಮನೆಯಲ್ಲಿರುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಬಾಯಿಗೆ ಹಾಕಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲದ ಜೀವವೇ ಹೋಗಬಹುದು. ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರು ಎನ್ರೋಫ್ಲಾಕ್ಸಸಿನ್‌ನಂಥ ಬೇರೆ ಔಷಧ ಕೊಡುತ್ತಾರೆ. ಕೋರ್ಸ್ ಪೂರ್ತಿ ಮುಗಿಸಿ. 12 ಗಂಟೆ ಏನೂ ತಿನ್ನದಿದ್ದರೆ ಅಥವಾ ಬಾಯಿ ತೆರೆದು ಉಸಿರಾಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.