ಸೂತ್ರ ಗೊತ್ತಾದವನಿಗೆ ತೂಕವೂ ಗೊತ್ತು

ನಮ್ಮ ಬೀದರಿನ ಬಿದ್ರಿ ಕರಕುಶಲದಲ್ಲಿ ಬಳಸುವ ಸತು, ತಾಮ್ರ, ಬೆಳ್ಳಿಗಳ ಸಂಕೇತಕ್ಕೆ ಅವುಗಳ ಪರಮಾಣು ಸಂಖ್ಯೆ 30, 29, 47 ಸೇರಿಸಿದರೆ ಮರೆಯದ, ಭದ್ರವಾದ ಪಾಸ್‌ವರ್ಡ್ ಆಗುತ್ತದೆಯೇ ಎಂದು ಕೇಳಿದ್ದೀರಿ. ಮರೆಯುವುದಿಲ್ಲ, ನಿಜ. ಭದ್ರವಂತೂ ಅಲ್ಲ. ಇದೇ ಜಾಣತನ ಮಾಡಿ ನಾನು ಪೆಟ್ಟು ತಿಂದಿದ್ದೇನೆ.

ಬೀದರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಯೋಗಗಳಲ್ಲಿ ನನಗೆ ಅಚ್ಚುಮೆಚ್ಚಿನದು ಪೊಟ್ಯಾಸಿಯಂ ಪರ್ಮಾಂಗನೇಟಿನ ಅನುಮಾಪನ. ಬಿಸಿಯಾದ ಆಕ್ಸಾಲಿಕ್ ಆಮ್ಲಕ್ಕೆ ಬ್ಯುರೆಟ್ಟಿನಿಂದ ನೇರಳೆ ಹನಿ ಬೀಳುತ್ತದೆ, ಬಣ್ಣ ಮಾಯವಾಗುತ್ತದೆ. ಇನ್ನೊಂದು ಹನಿ, ಮತ್ತೆ ಮಾಯ. ಕೊನೆಗೆ ಒಂದೇ ಒಂದು ಹನಿಗೆ ಫ್ಲಾಸ್ಕಿನ ತುಂಬ ತೆಳು ಗುಲಾಬಿ ನಿಂತುಬಿಡುತ್ತದೆ. ಇಮೇಲಿನ ಪಾಸ್‌ವರ್ಡನ್ನೂ ಅದರಿಂದಲೇ ಮಾಡಿಕೊಂಡಿದ್ದೆ: ಪರ್ಮಾಂಗನೇಟಿನ ಸೂತ್ರ ಕೆಎಂಎನ್‌ಓ4, ಅದರ ಮುಂದೆ ಅಣುತೂಕ 158.

ಕಿರುಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ನನ್ನ ಇಮೇಲಿನಿಂದಲೇ ಹೊರಬಿತ್ತು. ರಾತ್ರಿಯಿಡೀ ಕುಳಿತು ಬೇರೆ ಪತ್ರಿಕೆ ಬರೆದೆ. ಕೆಲವು ದಿನಗಳ ನಂತರ ಒಬ್ಬ ಹುಡುಗ ತಾನಾಗಿಯೇ ಬಂದು ಒಪ್ಪಿಕೊಂಡ. "ಸರ್, ಯಾವ ಪಾಠ ಮಾಡಿದರೂ ನೀವು ಉದಾಹರಣೆ ಕೊಡುವುದು ಅದನ್ನೇ" ಎಂದ. ನಾಲ್ಕನೇ ಯತ್ನಕ್ಕೆ ತೆರೆದುಕೊಂಡಿತ್ತಂತೆ.

ಇಷ್ಟದ ಸಂಯುಕ್ತವನ್ನು ಆರಿಸಿದ್ದು ತಪ್ಪೇ. ಆದರೆ ನನ್ನನ್ನು ಮುಳುಗಿಸಿದ್ದು ಆ 158. ಅದನ್ನು ನಾನು ಎರಡನೇ ಬೀಗ ಎಂದು ನಂಬಿದ್ದೆ. ಪೊಟ್ಯಾಸಿಯಂ 39, ಮ್ಯಾಂಗನೀಸ್ 55, ನಾಲ್ಕು ಆಕ್ಸಿಜನ್ 64, ಒಟ್ಟು 158. ಸೂತ್ರ ಕೈಗೆ ಸಿಕ್ಕವನಿಗೆ ಈ ಲೆಕ್ಕ ಅರ್ಧ ನಿಮಿಷದ ಕೆಲಸ. ಮೂರು ಅಕ್ಷರ ಉದ್ದವಾಯಿತೇ ಹೊರತು ಹೊಸ ಗುಟ್ಟೇನೂ ಸೇರಲಿಲ್ಲ. ನಿಮ್ಮ 30, 29, 47 ಕೂಡ ಹಾಗೆಯೇ: ಲೋಹದ ಹೆಸರು ತಿಳಿದರೆ ಸಂಖ್ಯೆ ಆವರ್ತ ಕೋಷ್ಟಕದಲ್ಲಿದೆ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಬೆರೆಸಿ ಬಿದ್ರಿಯನ್ನು ಕಪ್ಪಾಗಿಸುತ್ತಾರೆಂದು ಅದನ್ನೂ ಜೋಡಿಸಲು ಹೊರಟರೆ ಅದೂ ಊರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಪಠ್ಯಪುಸ್ತಕಗಳ ಪ್ರಸಿದ್ಧ ಸಂಯುಕ್ತಗಳು ಸಾವಿರವೆಂದೇ ಇಟ್ಟುಕೊಳ್ಳಿ, ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಎ ಇದ್ದಲ್ಲಿ @ ಹಾಕುವ ಉಪಾಯವೂ ಕಳ್ಳರ ಪ್ರೋಗ್ರಾಮುಗಳಿಗೆ ಹಳೆಯದು.

ರಸಾಯನಶಾಸ್ತ್ರವನ್ನು ಆಯ್ಕೆಗೆ ಬಳಸಬೇಡಿ, ನೆನಪಿಗೆ ಬಳಸಿ. ಆಯ್ಕೆಯನ್ನು ಚೀಟಿಗೆ ಬಿಡಿ. ಆವರ್ತ ಕೋಷ್ಟಕದ ಧಾತುಗಳಿಗೆ ಒಂದೊಂದರಂತೆ ನಾನು 1ರಿಂದ 118ರವರೆಗೆ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿದೆ. ಒಂದು ಎತ್ತಿ, ಬರೆದುಕೊಂಡು, ಮರಳಿ ಹಾಕಿ, ಕುಲುಕಿ ಮತ್ತೆ ಎತ್ತಿದೆ. ಹೀಗೆ ಎಂಟು ಸಲ. ಬಂದ ಧಾತುಗಳ ಪೂರ್ತಿ ಹೆಸರನ್ನು ಬಂದ ಕ್ರಮದಲ್ಲೇ ಟೈಪ್ ಮಾಡುತ್ತೇನೆ. 118ರ ಎಂಟನೇ ಘಾತವೆಂದರೆ ಸುಮಾರು 37,600 ಲಕ್ಷ ಕೋಟಿ ಸಾಧ್ಯತೆ. ನನ್ನ ವಿಧಾನ ಗೊತ್ತಿದ್ದವನೂ ಅಷ್ಟನ್ನೂ ತಡಕಾಡಬೇಕು. ಚೆನ್ನಾಗಿಲ್ಲವೆಂದು ಒಂದು ಚೀಟಿಯನ್ನೂ ಬದಲಿಸಬೇಡಿ, ಬದಲಿಸಿದ ಕ್ಷಣ ಅಲ್ಲಿ ನಿಮ್ಮ ಇಷ್ಟ ನುಸುಳುತ್ತದೆ. ನಂತರ ಕಥೆ ಕಟ್ಟಿ. ಬಿಸ್ಮತ್ ಬಂದು ಹಿಂದೆಯೇ ನಿಯಾನ್ ಬಂತೆನ್ನಿ: ಹೊಟ್ಟೆನೋವಿನ ಔಷಧಿ ಕೊಳ್ಳಲು ಹೋದವನಿಗೆ ಅಂಗಡಿಯ ಕೆಂಪು ದೀಪ ಕಂಡಿತು. ಅಷ್ಟು ಸಾಕು, ಮುಂದಿನದು ತಾನಾಗಿ ಬರುತ್ತದೆ. ನನಗೆ ಹತ್ತು ದಿನ ಹಿಡಿಯಿತು; ಅಲ್ಲಿಯವರೆಗೆ ಬರೆದುಕೊಂಡ ಹಾಳೆ ಬೀರುವಿನಲ್ಲಿ ಪಾಸ್‌ಬುಕ್ಕಿನ ಜೊತೆಗಿತ್ತು, ಆಮೇಲೆ ಸುಟ್ಟೆ.

ಇದನ್ನು ಮೊದಲು ಇಮೇಲಿಗೆ ಮಾಡಿ, ಮತ್ತೆಲ್ಲಿಯೂ ಅದೇ ಪಾಸ್‌ವರ್ಡ್ ಹಾಕಬೇಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಆ ಇಮೇಲಿಗೇ. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಪುರಾವೆ ಕೇಳುವ ಎರಡು ಹಂತದ ದೃಢೀಕರಣವನ್ನೂ ಇವತ್ತೇ ಹಾಕಿಕೊಳ್ಳಿ. ನಾನು ಹಾಕಿಕೊಂಡಿದ್ದು ಪ್ರಶ್ನೆಪತ್ರಿಕೆ ಹೋದ ಮೇಲೆ.