ಅಮೆರಿಕದ ಮೇನ್ ರಾಜ್ಯದ ಕರಾವಳಿಯ ಲೈಟ್‌ಹೌಸ್‌ಗಳನ್ನು ಹಾಯಿದೋಣಿ ಬಾಡಿಗೆಗೆ ಹಿಡಿದು ನೋಡಬಹುದಾ?

ನೀವು ಕೇಳಿದ್ದು ಇಷ್ಟು: ಬಾಸ್ಟನ್‌ನಲ್ಲಿದ್ದೀರಿ, ಜುಲೈನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ, ದೋಣಿ ನಡೆಸೋಕೆ ಯಾರಿಗೂ ಬರಲ್ಲ, ಒಂದೇ ದಿನದಲ್ಲಿ ಐದಾರು ಲೈಟ್‌ಹೌಸ್ ಹತ್ತಿ ನೋಡಬೇಕು.

ದೋಣಿ ಸಿಗುತ್ತೆ. ಐದಾರು ಆಗಲ್ಲ. ದೋಣಿಯಿಂದ ಇಳಿದು ಹತ್ತೋದಂತೂ ಮರೆತುಬಿಡಿ.

ನಾನು ಕಾಪು ಕಡೆಯವನು. ನಮ್ಮಲ್ಲಿ ಲೈಟ್‌ಹೌಸ್ ಅಂದರೆ ಸಂಜೆ ಬಂಡೆ ಏರಿ, ಟಿಕೆಟ್ ತಗೊಂಡು, ಮೆಟ್ಟಿಲು ಹತ್ತಿ ಸಮುದ್ರ ನೋಡೋದು. 1901ರಲ್ಲಿ ಕಟ್ಟಿದ್ದು ದೋಣಿಯವರಿಗೆ ಅನ್ನೋದು ತಲೆಗೇ ಹೋಗಿರಲಿಲ್ಲ. ಎರಡು ವರ್ಷದ ಹಿಂದೆ ಮೇನ್‌ನ ಬಂದರು ಊರು ರಾಕ್‌ಲ್ಯಾಂಡ್‌ನಲ್ಲಿ ದೋಣಿ ಹತ್ತಿದಾಗಲೇ ಅದು ಹೊಳೆದದ್ದು. ಬಾಸ್ಟನ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆ. ನೀವೂ ಅಲ್ಲಿಗೇ, ಇಲ್ಲಾಂದ್ರೆ ಪಕ್ಕದ ಕ್ಯಾಮ್‌ಡೆನ್‌ಗೆ ಹೋಗಿ. ಪೆನೋಬ್‌ಸ್ಕಾಟ್ ಕೊಲ್ಲಿಗೆ ದ್ವೀಪಗಳು ಅಡ್ಡ ಇರೋದರಿಂದ ಅಲೆ ಕಡಿಮೆ, ಅಮ್ಮನಿಗೆ ವಾಂತಿ ಬರುವ ಭಯ ಅಷ್ಟಿಲ್ಲ.

ದೋಣಿ ಮೂರು ಥರ. ಬರೀ ದೋಣಿ ಕೊಟ್ಟು ನೀವೇ ನಡೆಸಿ ಅನ್ನೋದು ನಿಮಗಲ್ಲ, ಅನುಭವದ ಪಟ್ಟಿ ನೋಡದೆ ಯಾರೂ ಕೊಡಲ್ಲ. ಎರಡನೆಯದು ಹಳೇ ಕಾಲದ ಮರದ ಸ್ಕೂನರ್‌ಗಳು, ಅಂದರೆ ಎರಡು ಮೂರು ಕಂಬದ ದೊಡ್ಡ ಹಾಯಿಹಡಗುಗಳು. 1871ರಲ್ಲಿ ನೀರಿಗಿಳಿದ ಲೂಯಿಸ್ ಆರ್. ಫ್ರೆಂಚ್, ಸ್ಟೀಫನ್ ಟೇಬರ್ ಎರಡೂ ಇನ್ನೂ ಓಡುತ್ತಿವೆ, ಆದರೆ ಮೂರು ದಿನ, ಆರು ದಿನದ ಪ್ರವಾಸ, ಮಲಗೋದು ರೈಲಿನ ಬರ್ತ್‌ನಂಥ ಇಕ್ಕಟ್ಟಿನಲ್ಲಿ. ವಯಸ್ಸಾದವರಿಗೆ ಬೇಡ ಅನಿಸುತ್ತೆ. ಮೂರನೆಯದು ಕ್ಯಾಪ್ಟನ್ ಸಮೇತ ಅರ್ಧ ದಿನ ಅಥವಾ ಇಡೀ ದಿನಕ್ಕೆ ಸಿಗುವ ಸಣ್ಣ ಹಾಯಿದೋಣಿ. ಇದನ್ನೇ ಹಿಡಿಯಿರಿ.

ಇಲ್ಲೇ ನಾನು ಎಡವಿದ್ದು. ಇಂಥ ಸಣ್ಣ ದೋಣಿಯಲ್ಲಿ ಸಾಮಾನ್ಯವಾಗಿ ಆರು ಜನಕ್ಕಿಂತ ಜಾಸ್ತಿ ಕೂರಿಸುವ ಹಾಗಿಲ್ಲ, ಕ್ಯಾಪ್ಟನ್ನನ ಲೈಸೆನ್ಸೇ ಅಷ್ಟಕ್ಕೆ. ನಾವು ಆರು ಜನ, ಜೊತೆಗೆ ಅಕ್ಕನ ಕೈಗೂಸು. ಕೂಸು ಲೆಕ್ಕಕ್ಕೆ ಬರಲ್ಲ ಅಂತ ನಾನೇ ತೀರ್ಮಾನ ಮಾಡಿ ಬುಕ್ ಮಾಡಿದ್ದೆ. ಬರುತ್ತೆ! ಕಟ್ಟೆಯ ಮೇಲೆ ನಿಂತು ಹತ್ತು ನಿಮಿಷ ಮುಖ ಮುಖ ನೋಡಿಕೊಂಡೆವು, ಕೊನೆಗೆ ಭಾವ ಕಾರಿನ ಕೀ ಇಸ್ಕೊಂಡು 'ನೀವು ಹೋಗಿ' ಅಂದರು.

ಹೊರಟಾಗ ಮಂಜು. ಜುಲೈನಲ್ಲಿ ಅಲ್ಲಿ ಇದು ಮಾಮೂಲು, ನೀವೂ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕ್ಯಾಪ್ಟನ್ ರೇಡಿಯೊ ಮೈಕಿನ ಗುಂಡಿಯನ್ನು ಟಕ್ ಟಕ್ ಅಂತ ಐದು ಸಲ ಒತ್ತಿದ, ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಬ್ರೇಕ್‌ವಾಟರ್ (ಬಂದರಿಗೆ ಅಲೆ ನುಗ್ಗದಂತೆ ಕಟ್ಟಿದ ಕಲ್ಲಿನ ತಡೆ) ತುದಿಯ ಲೈಟ್‌ಹೌಸ್ ಕಡೆಯಿಂದ ಮಂಜಿನ ಹಾರ್ನ್ ಶುರುವಾಯಿತು. ಈಗ ಅಲ್ಲಿ ಹಲವು ಲೈಟ್‌ಹೌಸ್‌ಗಳ ಹಾರ್ನ್ ಹೀಗೇ, ಬೇಕಾದವರು 83ಎ ಚಾನೆಲ್‌ನಲ್ಲಿ ಐದು ಸಲ ಒತ್ತಿ ಎಬ್ಬಿಸಬೇಕು. ಏನೂ ಕಾಣದ ಬಿಳಿಯೊಳಗೆ ಆ ದನಿ ಕೇಳಿ ಅಪ್ಪ ಸುಮ್ನೆ ಕೂತುಬಿಟ್ಟರು, ಅಲ್ಲಿಯವರೆಗೆ ಬಾಡಿಗೆ ಎಷ್ಟು ಅಂತ ಮೂರು ಸಲ ಕೇಳಿದ್ದರು.

ರಾಕ್‌ಲ್ಯಾಂಡ್ ಬ್ರೇಕ್‌ವಾಟರ್ ಲೈಟ್ 1902ರದ್ದು. ಸುಮಾರು 1.3 ಕಿಲೋಮೀಟರ್ ಉದ್ದದ ಗ್ರಾನೈಟ್ ಕಟ್ಟೆಯ ತುದಿಯಲ್ಲಿದೆ. ನಡೆದೂ ಹೋಗಬಹುದು, ಆದರೆ ಕಲ್ಲುಗಳ ನಡುವೆ ಪಾದ ಸಿಕ್ಕುವಷ್ಟು ಸಂದು, ಮಂಡಿನೋವಿನವರನ್ನು ಕರೆದೊಯ್ಯಬೇಡಿ. ದೋಣಿಯಿಂದ ಆರಾಮ.

ಮಂಜು ಸರಿದ ಮೇಲೆ ಔಲ್ಸ್ ಹೆಡ್ ಲೈಟ್‌ಹೌಸ್ ಕಂಡಿತು. ಗೋಪುರ ಬರೀ ಮೂವತ್ತು ಅಡಿ, ಆದರೆ ಎತ್ತರದ ಬಂಡೆಯ ಮೇಲಿರೋದರಿಂದ ದೀಪ ನೀರಿನಿಂದ ನೂರು ಅಡಿ ಮೇಲಿದೆ. ಹತ್ತಿರ ನಿಂತವರಿಗೆ ಕುಳ್ಳ, ನಮಗೆ ದೊಡ್ಡದು. ಕಟಕಟೆ ಹಿಡಿದು ಕೆಂಪು ಸ್ವೆಟರಿನ ಒಬ್ಬರು ಕೈ ಬೀಸುತ್ತಿದ್ದರು. ಭಾವ! ಕಾರಿನಲ್ಲಿ ಕಾಲು ಗಂಟೆಯಲ್ಲಿ ತಲುಪಿ, ಕಾಫಿಯನ್ನೂ ಕುಡಿದಿದ್ದರು. ಗೋಪುರವನ್ನು ಬೇಸಿಗೆಯಲ್ಲಿ ಕೆಲವು ದಿನ ಮಾತ್ರ ತೆಗೆಯುತ್ತಾರೆ, ಅವರ ಅದೃಷ್ಟಕ್ಕೆ ಅವತ್ತು ತೆಗೆದಿತ್ತು, ಒಳಗಿನ ಹಳೇ ಫ್ರೆನೆಲ್ ಲೆನ್ಸನ್ನು (ದೀಪದ ಬೆಳಕನ್ನು ಒಟ್ಟುಗೂಡಿಸಿ ದೂರ ಕಳಿಸುವ ಗಾಜಿನ ಪಟ್ಟಿಗಳು) ಹತ್ತಿರದಿಂದ ನೋಡಿದ್ದು ಅವರೊಬ್ಬರೇ. ಆಮೇಲೆ ಅವರು ಕಳಿಸಿದ ಫೋಟೊದಲ್ಲಿ ನಮ್ಮ ದೋಣಿ ಉಗುರಿನಷ್ಟು. ಹಾಯಿ ಬಿಚ್ಚಿದ ನಮ್ಮ ದೋಣಿಯ ಫೋಟೊ ನಮ್ಮ ಯಾರ ಬಳಿಯೂ ಇಲ್ಲ, ಅದೊಂದೇ ಇರೋದು.

ಅದಕ್ಕೇ ನಾನು ಹೇಳೋದು, ಎರಡೂ ಮಾಡಿ. ನೀರಿನಿಂದ ಎರಡು ಲೈಟ್‌ಹೌಸ್, ಕಾರಿನಿಂದ ಒಂದು. ಹಾಯಿದೋಣಿ ಗಂಟೆಗೆ ಹತ್ತು ಕಿಲೋಮೀಟರ್ ಹೋದರೆ ಜಾಸ್ತಿ, ಗಾಳಿ ಎದುರಿದ್ದರೆ ಅತ್ತ ಇತ್ತ ಓರೆಯಾಗಿ ಹೋಗಬೇಕು, ಹೆಚ್ಚು ತುರುಕಿದರೆ ಇಂಜಿನ್ ಸದ್ದು ಕೇಳಿಕೊಂಡೇ ದಿನ ಕಳೆಯುತ್ತೆ. ಕ್ಯಾಮ್‌ಡೆನ್‌ನಿಂದ ಹೊರಟರೆ ಬಂದರಿನ ಬಾಯಲ್ಲೇ ಕರ್ಟಿಸ್ ದ್ವೀಪದ ಹಸಿರು ದೀಪ, ಅದು ನೀರಿನಿಂದಲೇ ಚೆನ್ನ.

ಲೈಟ್‌ಹೌಸ್ ಇರುವ ಬಂಡೆದ್ವೀಪ ಮಟಿನಿಕಸ್ ರಾಕ್‌ಗೆ ಹೋಗ್ತೀವಿ ಅಂತ ಹಟ ಮಾಡಬೇಡಿ, ಅದು ತೆರೆದ ಕಡಲಿನಲ್ಲಿ ತುಂಬ ದೂರ. ಕತೆ ಮಾತ್ರ ಅಮ್ಮನಿಗೆ ಹೇಳಿ: 1856ರ ಜನವರಿಯಲ್ಲಿ ಅಲ್ಲಿ ದೀಪ ಕಾಯುತ್ತಿದ್ದ ಅಪ್ಪ ಸಾಮಾನು ತರಲು ಹೋಗಿ ಬಿರುಗಾಳಿಯಿಂದ ವಾಪಸ್ ಬರಲಾಗದಾಗ, ಹದಿನಾರರ ಅಬ್ಬಿ ಬರ್ಜೆಸ್ ವಾರಗಟ್ಟಲೆ ದೀಪ ಆರದಂತೆ ನೋಡಿಕೊಂಡಳು. ಕಡಲು ನುಗ್ಗಿದಾಗ ನೀರಿಗಿಳಿದು ಕೋಳಿಗಳನ್ನೂ ಮನೆಯೊಳಗೆ ತಂದಳು, ಒಂದು ಮಾತ್ರ ಉಳಿಯಲಿಲ್ಲ. ನಮ್ಮಮ್ಮ ದೀಪದ ವಿಷಯ ಬಿಟ್ಟು ಆ ಒಂದು ಕೋಳಿ ಏನಾಯ್ತು ಅಂತಲೇ ಕೇಳುತ್ತಿದ್ದರು.

ಜುಲೈ ಅಂತ ಬರೀ ಸೀರೆ, ಅಂಗಿಯಲ್ಲಿ ಕರೆದೊಯ್ಯಬೇಡಿ, ನೀರಿನ ಮೇಲೆ ಚಳಿ, ಸ್ವೆಟರ್ ಬೇಕೇ ಬೇಕು. ಅಡಿ ಕಪ್ಪಗಿರುವ ಶೂ ಬೇಡ, ಡೆಕ್ ಮೇಲೆ ಗೆರೆ ಬೀಳುತ್ತೆ ಅಂತ ಬೈತಾರೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಕ್ಯಾಪ್ಟನ್ನನಿಗೂ ಸ್ವಲ್ಪ. ನಮ್ಮವನು ಎರಡು ಸಲ ಹಾಕಿಸಿಕೊಂಡ.