ಬೆಳಗಿನ ಪ್ರತಿಜ್ಞೆಯೂ ತಿಂಗಳ ಲೆಕ್ಕವೂ

ಪೀಣ್ಯದಲ್ಲಿ ಸ್ವಿಚ್‌ಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರು ಬರೆದಿದ್ದಾರೆ: "ಪ್ಯಾನಸೋನಿಕ್ ಕಟ್ಟಿದ ಕೊನೊಸುಕೆ ಮತ್ಸುಶಿತಾ ಬಗ್ಗೆ ಉಪನ್ಯಾಸ ಕೇಳಿದೆ. ಅಲ್ಲಿ ದಿನಾ ಬೆಳಿಗ್ಗೆ ಕೆಲಸಗಾರರೆಲ್ಲ ಕಂಪನಿಯ ತತ್ವಗಳನ್ನು ಒಟ್ಟಿಗೆ ಹೇಳುತ್ತಿದ್ದರಂತೆ. ನಾನೂ ಶುರು ಮಾಡಲೇ? ಅದರಿಂದಲೇ ಅವರು ದೇಶ ವಿದೇಶದಲ್ಲಿ ಬೆಳೆದರೇ? ಹಾಗಿದ್ದರೆ ಮುಂದೆ ಜನರನ್ನು ಮನೆಗೆ ಕಳಿಸಿದ್ದೇಕೆ?"

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಮಾತು ಅಲ್ಲಿಗೆ ಬರುವ ಮೊದಲೇ ಟೀ ಬಂದುಬಿಡುತ್ತದೆ!

ಮತ್ಸುಶಿತಾ ಶುರು ಮಾಡಿದ್ದು ನಿಮ್ಮ ಕಸುಬಿನಲ್ಲೇ. ಒಂಬತ್ತನೇ ವಯಸ್ಸಿಗೆ ಶಾಲೆ ಬಿಟ್ಟು ಒಸಾಕಾದ ಅಂಗಡಿಗೆ ಕೆಲಸಕ್ಕೆ ಸೇರಿದ ಹುಡುಗ ಅವರು. 1918ರಲ್ಲಿ ಹೆಂಡತಿ ಮುಮೆನೊ, ಬಾಮೈದ ತೊಶಿಯೊ ಜೊತೆ ಸೇರಿ ಪ್ಲಗ್, ಸಾಕೆಟ್ ಮಾಡುವ ಕಂಪನಿ ಹೂಡಿದರು. (ಈ ಬಾಮೈದನೇ ಮುಂದೆ ಸಾನ್ಯೊ ಕಂಪನಿ ಕಟ್ಟಿದ್ದು.) ನಮ್ಮ ಮನೆಗಳ ಗೋಡೆಯ ಮೇಲಿರುವ ಆಂಕರ್ ಸ್ವಿಚ್ಚಿನ ಕಂಪನಿಯನ್ನೂ 2007ರಲ್ಲಿ ಇದೇ ಬಳಗ ಕೊಂಡುಕೊಂಡಿತು. ನಿಮಗೆ ಇದು ಗೊತ್ತಿದ್ದೇ ಇರುತ್ತದೆ.

ಅವರ ತತ್ವ ನೋಡಬೇಕಾದರೆ 1929ರ ಡಿಸೆಂಬರ್‌ಗೆ ಹೋಗಬೇಕು. ಆರ್ಥಿಕ ಕುಸಿತ ಬಂದು ಮಾರಾಟ ಅರ್ಧಕ್ಕೆ ಇಳಿದಿತ್ತು. ಗೋದಾಮು ತುಂಬಿ ಮಾಲು ಇಡಲು ಜಾಗವಿರಲಿಲ್ಲ. ಮತ್ಸುಶಿತಾ ಕಾಯಿಲೆಯಿಂದ ಮಲಗಿದ್ದರು. ಅರ್ಧ ಜನರನ್ನು ತೆಗೆಯೋಣ ಎಂದು ಹೇಳಲು ಕಂಪನಿಯ ಹಿರಿಯರು ಮನೆಗೇ ಬಂದರು. ಅವರು ಒಪ್ಪಲಿಲ್ಲ. ಉತ್ಪಾದನೆ ಅರ್ಧ ಮಾಡಿ, ಕಾರ್ಖಾನೆ ಅರ್ಧ ದಿನ ನಡೆಸಿ, ಸಂಬಳ ಪೂರ್ತಿ ಕೊಡಿ, ಒಬ್ಬರನ್ನೂ ತೆಗೆಯಬೇಡಿ ಎಂದರು. ಆದರೆ ಒಂದು ಷರತ್ತು ಇತ್ತು: ರಜೆ ಬಿಟ್ಟು ಎಲ್ಲರೂ ಉಳಿದ ಮಾಲು ಮಾರಬೇಕು. ಸುಮಾರು ಎರಡು ತಿಂಗಳಲ್ಲಿ ಗೋದಾಮು ಖಾಲಿಯಾಯಿತು.

ಇದನ್ನು ಕರುಣೆಯ ಕಥೆಯಾಗಿ ಹೇಳುವುದೇ ರೂಢಿ. ನನಗೆ ಇದರಲ್ಲಿ ವ್ಯಾಪಾರಿಯ ಲೆಕ್ಕವೂ ಕಾಣುತ್ತದೆ. ತೊಂದರೆ ಇದ್ದದ್ದು ಮಾರಾಟದಲ್ಲಿ. ಅವರು ಇದ್ದ ಜನರನ್ನೆಲ್ಲ ಅಲ್ಲಿಗೇ ಕಳಿಸಿದರು. ಜನ ನಂಬಿ ಹೋದದ್ದೂ ಸುಮ್ನೆ ಅಲ್ಲ. ಕಂಪನಿ ಚಿಕ್ಕದಿದ್ದಾಗಿನಿಂದ ಅವರು ತಿಂಗಳ ಮಾರಾಟ, ಲಾಭ ಎರಡನ್ನೂ ಕೆಲಸಗಾರರ ಮುಂದೆ ಬಿಚ್ಚಿಡುತ್ತಿದ್ದರು.

ನೀವು ಕೇಳಿದ ಬೆಳಗಿನ ತತ್ವಗಳು ಬಂದದ್ದು ಆಮೇಲೆ. 1933ರಲ್ಲಿ ಐದು, 1937ರಲ್ಲಿ ಇನ್ನೆರಡು. ಅದೇ 1933ರಲ್ಲಿ ಕಂಪನಿಯನ್ನು ಉತ್ಪನ್ನಕ್ಕೆ ತಕ್ಕಂತೆ ವಿಭಾಗಗಳಾಗಿ ಒಡೆದರು. ರೇಡಿಯೊದವರಿಗೆ ಅವರದೇ ಲೆಕ್ಕ, ದೀಪ ಮತ್ತು ಬ್ಯಾಟರಿಯವರಿಗೆ ಅವರದೇ ಲೆಕ್ಕ. ಒಬ್ಬರ ನಷ್ಟ ಇನ್ನೊಬ್ಬರ ಲಾಭದಲ್ಲಿ ಅಡಗುವಂತಿರಲಿಲ್ಲ. ಕಂಪನಿ ಬೆಳೆಸಿದ್ದರಲ್ಲಿ ಪ್ರತಿಜ್ಞೆಗಿಂತ ಇದರ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಹೊರದೇಶದ ಮಾತಿಗೆ ಬರೋಣ. ರಫ್ತಿಗೆಂದೇ 1935ರಲ್ಲಿ ಬೇರೆ ಕಂಪನಿ ಮಾಡಿದ್ದರು. ಯುದ್ಧ ಎಲ್ಲವನ್ನೂ ಕೆಡಿಸಿತು. 1951ರಲ್ಲಿ ಮತ್ಸುಶಿತಾ ಮೊದಲ ಸಲ ಅಮೆರಿಕ ನೋಡಿ ಬಂದರು. ಮರುವರ್ಷ ಹಾಲೆಂಡಿನ ಫಿಲಿಪ್ಸ್ ಜೊತೆ ಜಂಟಿ ಕಂಪನಿ. ತಂತ್ರಜ್ಞಾನಕ್ಕೆ ಮಾರಾಟದ ಶೇ. 7ರಷ್ಟು ಶುಲ್ಕ ಕೊಡಿ ಎಂದಿತು ಫಿಲಿಪ್ಸ್. ಯುದ್ಧದಲ್ಲಿ ಸೋತ ದೇಶದ ವ್ಯಾಪಾರಿ ಏನು ಮಾಡಬೇಕು? ಇವರು ಚೌಕಾಸಿಗೆ ಕೂತರು. ತಂತ್ರಜ್ಞಾನ ನಿಮ್ಮದು ಸರಿ, ಕಂಪನಿ ನಡೆಸುವವರು ನಾವಲ್ಲವೇ, ಆಡಳಿತಕ್ಕೂ ಶುಲ್ಕ ಬೇಕು ಎಂದರು. ಕೊನೆಗೆ ಫಿಲಿಪ್ಸ್‌ಗೆ ಶೇ. 4.5, ಮತ್ಸುಶಿತಾಗೆ ಶೇ. 3 ಎಂದು ತೀರ್ಮಾನವಾಯಿತು. ತಮ್ಮ ಆಡಳಿತಕ್ಕೆ ಬೆಲೆ ಕಟ್ಟಿ ಅದನ್ನು ವಸೂಲಿಯೂ ಮಾಡಿದರು ನೋಡಿ. ಉಪನ್ಯಾಸದಲ್ಲಿ ಇದನ್ನು ಹೇಳಿದ್ದರೋ ಇಲ್ಲವೋ.

1959ರಲ್ಲಿ ಅಮೆರಿಕದಲ್ಲಿ ಮಾರಾಟ ಕಂಪನಿ ತೆರೆದರು. ಜಪಾನಿನಲ್ಲಿ ತಮ್ಮ ಸಾಮಾನಿಗೆ ಇಟ್ಟಿದ್ದ 'ನ್ಯಾಷನಲ್' ಹೆಸರು ಅಲ್ಲಿ ಬೇರೆಯವರ ಕೈಲಿದ್ದುದರಿಂದ 'ಪ್ಯಾನಸೋನಿಕ್' ಹೆಸರು ಊರಿತು. 1961ರಲ್ಲಿ ಥಾಯ್ಲೆಂಡಿನಲ್ಲಿ ಯುದ್ಧಾನಂತರದ ಮೊದಲ ವಿದೇಶಿ ಕಾರ್ಖಾನೆ. ತಾವೇ ಕಟ್ಟಿದ ಕಡೆ ತಮ್ಮ ಪದ್ಧತಿಯನ್ನು ಅವರು ಬೇರೂರಿಸಬಲ್ಲವರಾಗಿದ್ದರು. ದುಡ್ಡು ಕೊಟ್ಟು ಕೊಂಡ ಕಡೆ ಅದು ಅಷ್ಟು ಸುಲಭವಾಗಲಿಲ್ಲ. ಮತ್ಸುಶಿತಾ ತೀರಿಕೊಂಡ ಮೇಲೆ, 1990ರಲ್ಲಿ, ಕಂಪನಿಯವರು 600 ಕೋಟಿ ಡಾಲರಿಗೂ ಹೆಚ್ಚು ಸುರಿದು ಹಾಲಿವುಡ್‌ನ ಸಿನಿಮಾ ಕಂಪನಿ ಎಂಸಿಎ ಕೊಂಡರು. ಅಲ್ಲಿನ ಹಿರಿತಲೆಗಳ ಜೊತೆ ಹೊಂದಲಿಲ್ಲ. 1995ರಲ್ಲಿ ಶೇ. 80 ಪಾಲು ಮಾರಿ ಕೈತೊಳೆದುಕೊಂಡರು.

ಇನ್ನು ಮನೆಗೆ ಕಳಿಸಿದ ವಿಷಯ. ಮತ್ಸುಶಿತಾ 1989ರಲ್ಲಿ ತೀರಿಕೊಂಡರು. ನಲ್ಲಿ ನೀರಿನಂತೆ ಎಲ್ಲರಿಗೂ ಅಗ್ಗಕ್ಕೆ, ಧಾರಾಳವಾಗಿ ಸಾಮಾನು ಸಿಗಬೇಕು ಎಂದು ಅವರು 1932ರಲ್ಲಿ ಸಾರಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಕೊರಿಯಾ, ತೈವಾನ್, ಚೀನಾದವರು ಅದೇ ಕೆಲಸವನ್ನು ಇನ್ನೂ ಅಗ್ಗಕ್ಕೆ ಮಾಡತೊಡಗಿದರು. ಇತ್ತ ಒಂದೇ ಬಳಗದ ಬೇರೆ ಬೇರೆ ವಿಭಾಗಗಳು ಒಂದೇ ಬಗೆಯ ಸಾಮಾನು ಮಾಡಿ ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದಿದ್ದವು. ನಾನು ಹೊಗಳಿದ ಆ ವಿಭಾಗ ಪದ್ಧತಿಯೇ ಭಾರವಾಗಿತ್ತು. 2002ರ ಮಾರ್ಚ್‌ಗೆ ಮುಗಿದ ವರ್ಷದ ನಷ್ಟ 40,000 ಕೋಟಿ ಯೆನ್ ದಾಟಿತು. ಅಧ್ಯಕ್ಷ ಕುನಿಯೊ ನಕಮುರಾ ಹಳೆಯ ವಿಭಾಗಗಳನ್ನು ಬಿಚ್ಚಿದರು. ಸುಮಾರು 13,000 ಮಂದಿ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಟರು. ಗೋದಾಮಿನ ಸಾಕೆಟ್ಟುಗಳನ್ನು ಹೊತ್ತು ಮಾರಬಹುದಿತ್ತು. ದಿನದಿನಕ್ಕೆ ಬೆಲೆ ಇಳಿಯುವ ಮಾಲನ್ನು ಹಾಗೆ ಮಾರಿ ಗೆಲ್ಲಲಾಗದು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಪ್ರತಿಜ್ಞೆ ಸದ್ಯಕ್ಕೆ ಇರಲಿ. ಮೊದಲು ತಿಂಗಳ ಲೆಕ್ಕವನ್ನು ನಿಮ್ಮ ಹುಡುಗರಿಗೆ ತೋರಿಸಿ. ಆರ್ಡರ್ ಎಷ್ಟು ಬಂತು, ಹಿತ್ತಾಳೆಗೆ ಎಷ್ಟು ಹೋಯಿತು, ರಿಜೆಕ್ಟ್ ಆಗಿ ಎಷ್ಟು ವಾಪಸ್ ಬಂತು, ಕೊನೆಗೆ ಎಷ್ಟು ಉಳಿಯಿತು. ಉಳಿದದ್ದು ನೋಡಿ ಬೋನಸ್ ಕೇಳಿದರೆ ಎಂಬ ಭಯ ಇದ್ದೇ ಇರುತ್ತದೆ, ಅಲ್ವಾ? ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ.